ಸಿನಿಮಾದಲ್ಲಿ ಇಲ್ಲದ ಬಾವಿ

ಕೊಟ್ಟೂರು
೧೨ ಜೂನ್ ೨೦೨೫

ಹಿರೇಹಡಗಲಿಯ ಸುಮಕ್ಕನಿಗೆ,

ನಮಸ್ಕಾರ. ಈ ಸಲದ ನಮಸ್ಕಾರ ಬರೀ ಶಾಸ್ತ್ರಕ್ಕೆ, ಮನಸ್ಸಿನಿಂದ ಬಂದದ್ದಲ್ಲ. ಫೋನ್ ಇದ್ದೂ ಕಾಗದ ಯಾಕೆ ಬರೆದಳು ಎಂದು ಹುಬ್ಬೇರಿಸಬೇಡ. ಫೋನಿನಲ್ಲಿ ಕೇಳಿದರೆ ನೀನು ನಕ್ಕುಬಿಡುತ್ತೀಯ, ನಿನ್ನ ನಗು ಕೇಳಿದರೆ ನನಗೆ ಅರ್ಧ ಮಾತು ಮರೆತುಹೋಗುತ್ತದೆ. ಅದಕ್ಕೇ ಬರೆಯಲು ಕೂತಿದ್ದೇನೆ.

ಆ ಸಿನಿಮಾ ನೋಡಿದೆ.

ಯಾವ ಸಿನಿಮಾ ಎಂದು ಕೇಳಬೇಡ. ನನ್ನ ಮದುವೆಗೆ ಮುಂಚೆ, ನನ್ನ ಗಂಡ ಹರಪನಹಳ್ಳಿಯ ನಿಮ್ಮ ಮನೆಯಲ್ಲಿದ್ದುಕೊಂಡು ಮೋಟಾರ್ ವೈಂಡಿಂಗ್ ಕೆಲಸ ಕಲಿಯುತ್ತಿದ್ದಾಗ, ಅವರೂ ನೀನೂ ನೋಡಿಬಂದ ಇಂಗ್ಲಿಷ್ ಸಿನಿಮಾ. ಕುದುರೆ, ಬಂದೂಕು, ದೊಡ್ಡ ಟೋಪಿ. ಮೂವತ್ತೈದು ವರ್ಷದಿಂದ ನನ್ನ ಮನೆಯಲ್ಲಿ ಅದೇ ಕಥೆ. ನೀನು ಬಂದರೆ ಸಾಕು, ಇವರು ಹೆಗಲ ಮೇಲಿನ ಟವೆಲ್ ಮಡಚಿ ತಲೆಗೆ ಟೋಪಿ ಮಾಡಿಕೊಳ್ಳುತ್ತಾರೆ. “ಮಾವ, ಟೋಪಿ ತೂಗಾಕು, ಬಂದು ಕುಂದ್ರು” ಅಂತ ನೀನು ಅನ್ನುತ್ತೀಯ. ಇಬ್ಬರೂ ಬಿದ್ದು ಬಿದ್ದು ನಗುತ್ತೀರಿ. ನಾನು ಒಳಗೆ ಬೆವರು ಸುರಿಸುತ್ತಾ ಮಿರ್ಚಿ ಕರಿಯುತ್ತಿರುತ್ತೇನೆ. ಏನಾಯ್ತು ಎಂದು ಹೊರಗೆ ಬಂದು ಕೇಳಿದರೆ ಇವರು, “ನಿನಗ ತಿಳಿಯಂಗಿಲ್ಲ ಬಿಡು, ಆ ಪಿಚ್ಚರ್ ನೋಡಬೇಕಿತ್ತು” ಅಂತಾರೆ. ನೀನು ತಟ್ಟೆಯಿಂದ ಇನ್ನೊಂದು ಮಿರ್ಚಿ ತೆಗೆದುಕೊಳ್ಳುತ್ತೀಯ.

ನೀನು ಇವರ ಸೋದರಮಾವನ ಮಗಳು. ಕೇಳಿ ತರುವ ಹೆಣ್ಣು ಅಲ್ಲೇ ಇರುವಾಗ ಹೊರಗಿನಿಂದ ಯಾಕೆ ತಂದೆವೋ ಎಂದು ನಮ್ಮ ಅತ್ತೆ ಗುರುಬಸಮ್ಮನವರು ನನ್ನ ಎದುರಿಗೇ ಅಂದದ್ದುಂಟು. ನನ್ನ ಮದುವೆಯಲ್ಲಾದರೂ ಹೇಳಿಕೊಳ್ಳುವಂಥ ಕಥೆ ಏನಿದೆ? ತೆಲಿಗಿಯಲ್ಲಿ ನಮ್ಮಪ್ಪನ ತೋಟದ ಬಾವಿಯ ಮೋಟಾರ್ ಸುಟ್ಟಿತ್ತು. ರಿಪೇರಿಗೆ ಬಂದ ಹುಡುಗ ನೀರು ಕೇಳಿದ, ಕೊಟ್ಟೆ. ಆಮೇಲೆ ಹಿರಿಯರು ಬಂದರು, ಮದುವೆ ಆಯಿತು. ಕುದುರೆಯೂ ಇಲ್ಲ, ಟೋಪಿಯೂ ಇಲ್ಲ.

ಮೊನ್ನೆ ಇವರು ತಾಮ್ರದ ತಂತಿ ತರಲು ಹುಬ್ಬಳ್ಳಿಗೆ ಹೋದರು. ಬಾಣಂತನಕ್ಕೆ ಬಂದಿರುವ ಮಗಳಿಗೆ ಹೇಳಿ ಟಿವಿಯಲ್ಲಿ ಆ ಸಿನಿಮಾ ಹುಡುಕಿಸಿದೆ. ತೆಲುಗಿಗೆ ಡಬ್ ಆಗಿದೆ. ಆ ಬಿಳಿ ಮನುಷ್ಯರು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ನಿಂತವರ ಹಾಗೆ “ಏಮಿರಾ” ಎಂದು ಜಗಳವಾಡುತ್ತಾರೆ. ಊರು ನೋಡಿದರೆ ನಮ್ಮ ಕೂಡ್ಲಿಗಿ ದಾರಿಯೇ, ಬರೀ ಬಂಡೆ, ಮುಳ್ಳು, ಧೂಳು. ಇಷ್ಟನ್ನು ನೋಡಿಬಂದು ನೀವಿಬ್ಬರೂ ಇಷ್ಟು ವರ್ಷ ಮೆರೆದಿರಲ್ಲ ಎಂದು ಮೈಯೆಲ್ಲ ಉರಿಯಿತು.

ಅರ್ಧದವರೆಗೆ ನೀವು ಹೇಳಿದ ಹಾಗೇ ಇದೆ. ಒಂದು ಕಾಲು ಎಳೆಯುವ ಬೂದು ಕುದುರೆ ಬಂತು. ಕಳ್ಳರು ಲಾಯಕ್ಕೆ ಬೆಂಕಿ ಹಚ್ಚಿದ್ದು, ಹೀರೋ ಉರಿಯುವ ತೊಲೆಯಿಂದಲೇ ಚುಟ್ಟಾ ಹಚ್ಚಿಕೊಂಡದ್ದು, ಎಲ್ಲ ಬಂತು. ಕೊನೆಗಾಗಿ ಕಾಯುತ್ತಾ ಕೂತೆ. ಆ ಕೊನೆ ನಿನಗೂ ಬಾಯಿಪಾಠ. ವೈರಿಗಳನ್ನೆಲ್ಲ ಮುಗಿಸಿದ ಹೀರೋ ಒಂದು ಬಾವಿಯ ಹತ್ತಿರ ಬರುತ್ತಾನೆ. ಅಲ್ಲೊಬ್ಬಳು ನೀರು ಸೇದುತ್ತಿರುತ್ತಾಳೆ. ಅವನ ಬೊಗಸೆಗೆ ನೀರು ಸುರಿಯುತ್ತಾಳೆ. ಅವನು ಕುಡಿದು, ಮಾತೇ ಆಡದೆ, ಟೋಪಿ ತೆಗೆದು ಬಾವಿಯ ಕಂಬಕ್ಕೆ ತೂಗುಹಾಕುತ್ತಾನೆ. ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಅರ್ಥ. ಇದನ್ನು ಹೇಳುವಾಗ ಇವರ ಗಂಟಲು ಇವತ್ತಿಗೂ ಮೆತ್ತಗಾಗುತ್ತದೆ.

ಸುಮಕ್ಕ, ಆ ಸಿನಿಮಾದಲ್ಲಿ ಬಾವಿಯೇ ಇಲ್ಲ. ಹೀರೋ ಬ್ಯಾಂಕಿನ ಮೆಟ್ಟಿಲ ಮೇಲೆ ಗುಂಡು ತಗುಲಿ ಸಾಯುತ್ತಾನೆ. ಅವನನ್ನು ಇಷ್ಟಪಟ್ಟವಳು ಅದಕ್ಕೆ ಮೊದಲೇ ರೈಲು ಹತ್ತಿ ಹೋಗಿರುತ್ತಾಳೆ. ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದೆ. ಬಾವಿ ಇಲ್ಲ, ಕೊಡ ಇಲ್ಲ, ನೀರು ಕೊಟ್ಟವಳೂ ಇಲ್ಲ.

ಅಂದರೆ ಲಾಯ ಸುಟ್ಟ ಮೇಲೆ ನೀವಿಬ್ಬರೂ ಟಾಕೀಸಿನಲ್ಲಿ ಇರಲಿಲ್ಲ. ಎಲ್ಲಿದ್ದಿರಿ? ಇಬ್ಬರೂ ಕೂಡಿ ಒಂದೇ ಸುಳ್ಳನ್ನು ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಇಷ್ಟು ವರ್ಷ ಹೇಗೆ ಹೇಳಿದಿರಿ? ನನಗೆ ಹೊಟ್ಟೆಕಿಚ್ಚು, ಹೌದು, ಮದುವೆಯಾದ ದಿನದಿಂದಲೂ ಇದೆ. ಇಲ್ಲಿಯವರೆಗೆ ಅದಕ್ಕೆ ಕಾರಣ ಸಿಕ್ಕಿರಲಿಲ್ಲ, ಈಗ ಸಿಕ್ಕಿದೆ.

ಇವರನ್ನು ಇನ್ನೂ ಕೇಳಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿ ಬಡಿಸಿದೆ. ಮಾತಿಲ್ಲದೆ ಉಂಡು ಎದ್ದರು. ತಪ್ಪಿಲ್ಲದವರು ಹಾಗೆ ಉಣ್ಣುತ್ತಾರೆಯೇ? ಬರುವ ಇಪ್ಪತ್ತೆರಡಕ್ಕೆ ಮೊಮ್ಮಗಳ ತೊಟ್ಟಿಲ ಕಾರ್ಯ. ಮೊದಲು ತೊಟ್ಟಿಲು ತೂಗುವವಳು ನೀನೇ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಿಜ ಏನೆಂದು ಬರೆ. ಬರೆಯದೆ ನನ್ನ ಹೊಸ್ತಿಲು ತುಳಿಯಬೇಡ.

ಇನ್ನೂ ನಿನ್ನ ತಂಗಿ ಅನ್ನಿಸಿಕೊಂಡಿರುವ,
ಗೀತಾಂಜಲಿ

ಮರೆತ ಮಾತು: ಕೊನೆಯಲ್ಲಿ ಆ ಕುಂಟು ಕುದುರೆ ಒಂದೇ ವಾಪಸ್ ಬರುವಾಗ ಅತ್ತುಬಿಟ್ಟೆ. ಇವರಿಗೆ ಹೇಳಬೇಡ. ನಾನು ಸಿನಿಮಾ ನೋಡಿದ್ದೇ ಇವರಿಗೆ ಗೊತ್ತಿಲ್ಲ.

ಹಿರೇಹಡಗಲಿ
೧೬ ಜೂನ್ ೨೦೨೫

ಪ್ರೀತಿಯ ಗೀತಾ,

ನಿನ್ನ ಕಾಗದ ಬಂತು. ಮೊದಲ ಪುಟ ಓದಿ, ಎದ್ದು ಬಾಗಿಲು ಹಾಕಿಬಂದು ಉಳಿದದ್ದು ಓದಿದೆ. ಉಪ್ಪಿನ ಸಾರಿನ ಹತ್ತಿರ ಬಂದಾಗ ನಕ್ಕೆ, ತಪ್ಪು ತಿಳಿಯಬೇಡ. ಮಾವನಿಗೆ ಊಟದ ರುಚಿ ಯಾವತ್ತು ತಿಳಿದಿದೆ?

ನಾವಿಬ್ಬರೇ ಹೋಗಿರಲಿಲ್ಲ. ನಮ್ಮಣ್ಣ ಮರುಳಪ್ಪ, ಅತ್ತಿಗೆ ಕಲ್ಯಾಣಮ್ಮ ಜೊತೆಗಿದ್ದರು. ಅಣ್ಣ ಉದ್ದಕ್ಕೂ ನಿದ್ದೆ ಹೊಡೆದ, ಹಾಗಾಗಿ ಕಥೆ ಹೇಳುವಾಗ ಅವನ ಲೆಕ್ಕ ಯಾರೂ ಇಡುವುದಿಲ್ಲ. ಆಗೆಲ್ಲ ಒಂದೇ ಸಿನಿಮಾದ ರೀಲುಗಳನ್ನು ಎರಡು ಊರಿನ ಟಾಕೀಸಿನವರು ಹಂಚಿಕೊಂಡು ಓಡಿಸುತ್ತಿದ್ದರು. ಅಲ್ಲಿ ಓಡಿ ಮುಗಿದ ಡಬ್ಬಿ ಬಸ್ಸಿನಲ್ಲಿ ಇಲ್ಲಿಗೆ ಬರಬೇಕು. ಆ ಮಧ್ಯಾಹ್ನ ಹಗರಿಬೊಮ್ಮನಹಳ್ಳಿ ಕಡೆಯಿಂದ ಬರಬೇಕಾದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಲಾಯ ಸುಡುವವರೆಗೆ ತೋರಿಸಿ ಲೈಟ್ ಹಾಕಿಬಿಟ್ಟರು. ಜನ ಕುರ್ಚಿ ಬಡಿದರು, ಸಿಳ್ಳೆ ಹೊಡೆದರು, ಬೈದುಕೊಂಡು ಮನೆಗೆ ಹೋದರು. ನಾವೂ ಹೋದೆವು. ಮರುದಿನ ಅಲ್ಲಿ ಬೇರೆ ಸಿನಿಮಾ ಬಂದಿತ್ತು.

ಅತ್ತಿಗೆಗೆ ಸಮಾಧಾನವೇ ಇಲ್ಲ. “ಮುಂದ ಏನಾತೋ ಏನೋ, ಪಾಪ, ಬದುಕ್ಯಾನೋ ಸತ್ತಾನೋ” ಅಂತ ಒಂದೇ ಸಮ. ಮಾವ ನಮ್ಮ ಮನೆ ಕಟ್ಟೆಯ ಮೇಲೆ ಕೂತು, “ಸಾಯಂಗಿಲ್ಲ ಬಿಡಕ್ಕ, ಮುಂದಿನ ಕಥಿ ನಾ ಹೇಳ್ತೀನಿ ಕೇಳು” ಅಂದ. ಆ ಬಾವಿ, ಆ ಕೊಡ, ಕಂಬಕ್ಕೆ ತೂಗುಹಾಕಿದ ಟೋಪಿ ಎಲ್ಲ ಅವನೇ ಕಟ್ಟಿದ್ದು. ನಮಗೆ ಗೊತ್ತಿರುವ ಕೊನೆ ಅದೊಂದೇ.

ಅದು ಯಾವ ಬಾವಿ ಎಂದು ನಿನಗೆ ಇಷ್ಟು ವರ್ಷ ಹೊಳೆಯಲೇ ಇಲ್ಲವೇ, ಹುಚ್ಚಿ? ಅದೇ ವಾರ, ಸಿನಿಮಾಕ್ಕೆ ಮುಂಚೆ, ತೆಲಿಗಿಗೆ ಮೋಟಾರ್ ರಿಪೇರಿಗೆ ಹೋದವನು ಟವೆಲ್ ಇಲ್ಲದೆ ಬಂದಿದ್ದ. ನಮ್ಮವ್ವ ಕೇಳಿದರೆ, ಬಾವಿ ಕಂಬಕ್ಕೆ ಹಾಕಿ ಮರೆತೆ ಅಂದ. ಅದನ್ನು ತರಲು ಮತ್ತೆ ಹೋದ, ಮತ್ತೆ ಮರೆತು ಬಂದ. ಅಲ್ಲಿ ನೀರು ಕೊಟ್ಟವಳೊಬ್ಬಳು ಇದ್ದಾಳೆ ಎಂದು ನಮಗೆ ತಿಳಿದದ್ದು ಆಮೇಲೆ. “ಟೋಪಿ ತೂಗಾಕು” ಅಂತ ನಾನು ಕಾಡಿಸುವುದು ನಿನ್ನ ಹೆಸರು ಹಿಡಿದು. ಅವನು ನಗುವುದು ನಾಚಿಕೆಗೆ. ನಿನಗೆ ಬಿಡಿಸಿ ಹೇಳಲು ಆ ಮನುಷ್ಯನಿಗೆ ಇವತ್ತಿಗೂ ಧೈರ್ಯ ಬಂದಿಲ್ಲ.

ಹೀರೋ ಸತ್ತ ಸುದ್ದಿ ಅವನಿಗೆ ಮುಟ್ಟಿಸಬೇಡ. ತೊಟ್ಟಿಲಿಗೆ ಬರುತ್ತೇನೆ. ಆದರೆ ಮೊದಲು ತೂಗುವವಳು ನೀನೇ ಆಗಬೇಕು, ನಾನು ಪಕ್ಕದಲ್ಲಿ ನಿಂತು ಹಾಡುತ್ತೇನೆ. ಮಿರ್ಚಿಗೆ ಉಪ್ಪು ಒಂದೇ ಸಲ ಹಾಕು.

ನಿನ್ನ ಅಕ್ಕ,
ಸುಮಲತಾ

ಮರೆತ ಮಾತು: ಬಾವಿ ನಮ್ಮ ಹಿತ್ತಿಲಲ್ಲೂ ಇತ್ತು, ಗೀತಾ. ಆ ಕಥೆ ಕೇಳಿದ ಮರುದಿನದಿಂದ ಅತ್ತಿಗೆಗೂ ಹಗ್ಗ ಮುಟ್ಟಗೊಡದೆ ಮನೆಯ ನೀರನ್ನೆಲ್ಲ ನಾನೇ ಸೇದಿದೆ. ಮಾವ ಬಾಯಿ ಬಿಟ್ಟು ನಿನ್ನ ಹೆಸರು ಹೇಳುವವರೆಗೂ ಸೇದಿದೆ.