ಶನಿವಾರದ ಆಟ ಯಾವ ವಾಹಿನಿಗೆ

ಐಸ್ ಹಾಕಿ ಲೀಗಿನ ಪ್ರಸಾರ ಮುಖ್ಯಸ್ಥರಿಗೆ,

‘ಯಾವ ವಾಹಿನಿಯಲ್ಲಿ ಬಂದರೇನು, ಆಟ ಅದೇ ತಾನೆ’ ಎಂದೋ ಏನೋ ನಿಮ್ಮ ಕಚೇರಿಯವರು ಫೋನಿನಲ್ಲಿ ಅಂದರು. ಇರಬಹುದು. ಆದರೆ ಹಳೆಯ ವಾಹಿನಿ ನಮ್ಮ ಆಂಟೆನಾಕ್ಕೆ ಸಿಗುತ್ತಿತ್ತು. ಶನಿವಾರ ಆಟ ಮುಗಿಯುವವರೆಗೆ ನನ್ನ ಗಂಡ ವಾಲ್ಟರ್ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅಷ್ಟು ಹೊತ್ತು ನಾನು ತಂಗಿ ಈಡಿತ್‌ಳ ಮನೆಗೆ ಇಸ್ಪೀಟಿಗೆ ಹೋಗಿಬರುತ್ತಿದ್ದೆ. ವಾರದಲ್ಲಿ ನಾನು ಹೊರಗೆ ಹೋಗುತ್ತಿದ್ದುದು ಅದೊಂದೇ ಸಲ.

ಈಗ ಆಟ ಬರುವುದು ಇಂಟರ್ನೆಟ್ಟಿನಲ್ಲಿ ಮಾತ್ರ. ಉತ್ತರ ಮ್ಯಾನಿಟೋಬಾದ ನಮ್ಮೂರಿನಲ್ಲಿ ಚಿತ್ರ ಆಗಾಗ ನಿಂತುಬಿಡುತ್ತದೆ. ವಾಲ್ಟರ್ ಊರಿನ ಹಾಕಿ ಅಂಕಣಕ್ಕೆ ನೀರು ಹಾಯಿಸಿ ಮಂಜುಗಡ್ಡೆ ಕಟ್ಟಿಸುತ್ತಿದ್ದವರು. ಈಗ ಮರೆವಿನ ಕಾಯಿಲೆ. ಚಿತ್ರ ನಿಂತರೆ ಆಟದ ನಡುವಿನ ವಿರಾಮವಾಯಿತು, ತಾನು ಹೋಗಿ ಅಂಕಣದ ಮಂಜುಗಡ್ಡೆ ಸರಿಮಾಡಬೇಕು ಎಂದುಕೊಂಡು ಬನಿಯನ್ನಿನಲ್ಲೇ ಹಿಮಕ್ಕೆ ಇಳಿಯುತ್ತಾರೆ. ಹಾಗಾಗಿ ಬಾಗಿಲಿಗೆ ಬೀಗ ಹಾಕಿ ಅಡ್ಡ ಕೂರುತ್ತೇನೆ.

‘ತೆಗಿಯೇ ಡೊರೀನ್, ಹುಡುಗ್ರು ಕಾಯ್ತಾ ಇದಾರೆ. ಒಳ್ಳೆ ಜೈಲರ್ ಥರ ಕೂತಿದೀಯಲ್ಲ!’ ಎಂದು ನಿನ್ನೆ ನಕ್ಕರು. ನಾನೂ ನಕ್ಕೆ.

ಮುಂದಿನ ಪ್ರಸಾರದ ಹಕ್ಕು ಯಾರಿಗೆಂದು ಈ ತಿಂಗಳು ತೀರ್ಮಾನಿಸುತ್ತೀರಂತೆ. ದಯವಿಟ್ಟು ಆಂಟೆನಾಕ್ಕೆ ಸಿಗುವ ವಾಹಿನಿಗೇ ಕೊಡಿ. ಇಸ್ಪೀಟಿಗೆ ನನ್ನ ಜಾಗದಲ್ಲಿ ಬೇರೊಬ್ಬರನ್ನು ಕರೆಯಲೇ ಎಂದು ಈಡಿತ್ ಕೇಳುತ್ತಿದ್ದಾಳೆ. ಅವಳಿಗೆ ಏನೆಂದು ಹೇಳಲಿ?

ಇಂತಿ,
ಡೊರೀನ್ ಮೆಲ್ನಿಕ್