ಜಾಯಿಕಾಯಿ ಹೆಚ್ಚಾದ ಅಂಟಿನುಂಡೆ

ಕೊಣ್ಣೂರ
೧೪ ಜುಲೈ ೨೦೨೫

ಪ್ರೀತಿಯ ಪದ್ಮವ್ವಗೆ,

ನಿನ್ನ ಅನ್ನಪೂರ್ಣಾಳ ನೆನಪುಗಳು. ನಿನ್ನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹುಕ್ಕೇರಿಗೆ ಬರಲಾಗಲಿಲ್ಲ, ಕಾಗದವನ್ನೂ ತಡವಾಗಿ ಬರೆಯುತ್ತಿದ್ದೇನೆ. ಬೇಕಾದಷ್ಟು ಬೈದುಕೋ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ಕಿವಿ ಮಂದವಾದ ಮೇಲೆ ನಾನು ಕೂಗಿ ಹೇಳಿದ್ದು ನಿನಗಿಂತ ಮೊದಲು ನಮ್ಮ ಓಣಿಗೆ ತಿಳಿಯುತ್ತದೆ.

ಮೂಡಲಗಿಯಿಂದ ಮಗಳು ಶಾಂತಾ ಬಂದಿದ್ದಾಳೆ. ಅಳಿಯ ಮಹೇಶ ಮಿಲಿಟರಿಯವನು, ನಿನಗೆ ಗೊತ್ತಲ್ಲ. ಬೇರೆಯವರ ನೆಲದಲ್ಲಿ ಜಗಳ ಬಿಡಿಸುವ ಶಾಂತಿ ಪಡೆಯ ಜೊತೆ ಆಫ್ರಿಕಾಕ್ಕೆ ಹೊರಟಿದ್ದಾನೆ. ತಾನೇ ಹೆಸರು ಕೊಟ್ಟನಂತೆ. "ಯಾಕ ಅಂತ ಕೇಳಬ್ಯಾಡಬೇ ಯವ್ವಾ. ಅಲ್ಲಿ ಪಗಾರ ಹೆಚ್ಚ ಐತಿ. ಗ್ಯಾಸ, ಎಣ್ಣಿ, ಮಕ್ಕಳ ಸಾಲಿ ಫೀ, ಯಾವದರ ಒಂದ ಇಳದೈತೇನ?" ಎಂದಳು. ಅವನು ಒಯ್ಯಲು ಒಂದು ಡಬ್ಬಿ ಅಂಟಿನುಂಡೆ ಮಾಡಿಕೊಡಬೇಕಂತೆ. ಭಾನುವಾರ ಹೊರಡುತ್ತಾನೆ, ನಾನಿನ್ನೂ ಒಲೆಯ ಮೇಲೆ ಬಾಣಲೆ ಇಟ್ಟಿಲ್ಲ.

ಮೊನ್ನೆ ಗೋಕಾಕದ ಪೇಟೆಗೇನೋ ಹೋಗಿದ್ದೆ. ಉತ್ತತ್ತಿ, ಬದಾಮಿ, ಅಂಟಿನ ದರ ಕೇಳಿ ಚೀಲ ಮಡಚಿಕೊಂಡೆ. ಅಂಗಡಿಯ ಸೋಮಪ್ಪ, "ಅಕ್ಕಾರ, ನಾ ಏನ ಮಾಡ್ಲಿರಿ? ಯಾರೋ ಯಾರದೋ ದೇಶದಾಗ ಬಾಂಬ್ ಹಾಕ್ಯಾರ, ಮಾಲ ಬರವಲ್ದು" ಎಂದ. ಅಷ್ಟು ದೂರದ ಜಗಳ ನನ್ನ ಕೈಚೀಲದವರೆಗೆ ಬಂತು ನೋಡು. ಮನೆಗೆ ಬಂದು, "ಭಾಳ ತುಟ್ಟಿ ಆಗೈತಿ, ಈ ಸಲ ಬ್ಯಾಡ" ಎಂದೆ. "ರೊಕ್ಕಾ ನಾ ಕೊಡತೇನಲಾ" ಎಂದು ಶಾಂತಾ ಮುಖ ಊದಿಸಿಕೊಂಡಿದ್ದಾಳೆ.

ನಾವಿಬ್ಬರೂ ಕೂಡಿ ಉಂಡೆ ಕಟ್ಟುತ್ತಿದ್ದುದು ನೆನಪಿದೆಯೇ? ನಾನು ಕರಿದ ಅಂಟು ಅರಳಿದ ಹಾಗೆಲ್ಲ ನಿನ್ನ ಬಾಯಿಗೇ ಹೋಗುತ್ತಿತ್ತು. ನಮ್ಮವರು ಶ್ರೀಲಂಕಾಕ್ಕೆ ಹೊರಟ ವರ್ಷ ಬೆಲ್ಲದ ಪಾಕ ಹಿಡಿದವಳು ನೀನೇ. ನಾನು ಬಸುರಿ, ಬಗ್ಗಲು ಆಗುತ್ತಿರಲಿಲ್ಲ. ಅವರಿಗೆ ಸೇರುತ್ತದೆಂದು ಜಾಯಿಕಾಯಿಯನ್ನು ಒಂದಿಷ್ಟು ಹೆಚ್ಚೇ ತೇಯ್ದು ಹಾಕಿದೆ. "ಇದನ್ನ ತಿಂದ ನಿನ್ನ ಗಂಡ ಅಲ್ಲೇ ನಿದ್ದಿ ಹೊಡೀತಾನ ನೋಡ" ಎಂದು ನೀನು ನಕ್ಕಿದ್ದೆ.

ಅವರದೂ ಶಾಂತಿ ಪಡೆಯೇ. ಅತ್ತೆ ಭರಮವ್ವ ಅದನ್ನು ಗ್ರಹಶಾಂತಿ ಎಂದುಕೊಂಡಿದ್ದರು. "ನಮ್ಮ ಮುತ್ತಪ್ಪ ಲಂಕಾದಾಗ ಶಾಂತಿ ಮಾಡಸಾಕ ಹೋಗ್ಯಾನ, ಮುಗದ ಕೂಡಲೆ ಬರತಾನ" ಎಂದು ಓಣಿಗೆಲ್ಲ ಹೇಳುತ್ತಿದ್ದರು. ನಾವಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದೆವು. ನಮ್ಮವರು ಬರಲೇ ಇಲ್ಲ. ಮಗಳಿಗೆ ಶಾಂತಾ ಎಂದು ಹೆಸರಿಟ್ಟವರೂ ಅತ್ತೆಯೇ. ಆ ನಗು ನೆನಪಾದರೆ ಈಗಲೂ ಸುಖವೆನಿಸುತ್ತದೆ, ಹಿಂದೆಯೇ ಅಳುವೂ ಬರುತ್ತದೆ.

ಕೂಸಿಗೆ ದಿನಾ ದೃಷ್ಟಿ ತೆಗೆ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ. ಕೂಸು ನೂರು ಕಾಲ ಬಾಳಲಿ, ಅದರ ಕಾಲದಲ್ಲಾದರೂ ಪಗಾರಕ್ಕಾಗಿ ಯಾರೂ ಪರರ ಜಗಳಕ್ಕೆ ಹೋಗದಂತಾಗಲಿ.

ನಿನ್ನ
ಅನ್ನಿ

ತಾ.ಕ.: ತುಟ್ಟಿಯ ಮಾತು ಬರೀ ನೆಪ, ಪದ್ಮವ್ವ. ನಮ್ಮವರು ತೀರಿಕೊಂಡ ಸುದ್ದಿಯನ್ನು ಬಾಣಂತಿಯಾಗಿದ್ದ ನನಗೆ ಯಾರೂ ತಿಳಿಸಿರಲಿಲ್ಲ. ಅತ್ತೆ ನನ್ನ ತವರಿಗೆ ಬಂದು, "ಪ್ಯಾಟಿಯಿಂದ ತಂದೇನಿ, ತಿನ್ನ ನನ್ನವ್ವಾ, ಸೊಂಟಕ್ಕ ಬಲ ಬರತೈತಿ" ಎಂದು ಅಂಟಿನುಂಡೆ ಕೈಗಿಟ್ಟರು. ಕಚ್ಚಿದೆ. ಜಾಯಿಕಾಯಿ ಹೆಚ್ಚಾಗಿತ್ತು. ನಮ್ಮವರ ಟ್ರಂಕಿನ ಜೊತೆ ನಮ್ಮ ಡಬ್ಬಿಯೂ ಮರಳಿ ಬಂದಿತ್ತು. ಆಗಲೂ ಉತ್ತತ್ತಿ ತುಟ್ಟಿಯೇ, ಅತ್ತೆಗೆ ಚೆಲ್ಲಲು ಮನಸ್ಸು ಬಂದಿರಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಏನೂ ಕೇಳದೆ ಪೂರ್ತಿ ತಿಂದೆ, ಕೂಸಿಗೆ ಹಾಲು ಬೇಕಿತ್ತು.

ನಾಳೆ ಉಂಡೆ ಕಟ್ಟುತ್ತೇನೆ. ಆದರೆ ಡಬ್ಬಿಗೆ ತುಂಬಿ ಕೊಡುವುದಿಲ್ಲ. ಮಹೇಶನನ್ನು ಇಲ್ಲಿಗೇ ಕರೆಸಿ, ನನ್ನೆದುರು ಕೂತು ತಿನ್ನು ಎನ್ನುತ್ತೇನೆ. ಉಳಿದದ್ದು ಇಲ್ಲೇ ಇರಲಿ, ಮರಳಿ ಬಂದು ತಿನ್ನಲಿ.