ಮೊಣಕಾಲಿಗೆ ಕರೆಂಟು

ಫೆ. 10, ಸೋಮವಾರ. ಬೆಳಿಗ್ಗೆ 7
ನಿನ್ನೆ, ಫೆಬ್ರುವರಿ 9ರ ಭಾನುವಾರ, ನನಗೆ ತಿಳಿಸದೆ ವಾಚನಾಲಯದ ಹಿಂದಿನ ಕೋಣೆಗೆ ಬೀಗ ಹಾಕಿದ್ದಾರೆ. ನನ್ನ ಗಾಜಿನ ಜಾಡಿ, ತಾಮ್ರದ ಬಿಲ್ಲೆಗಳು, ಚಿತ್ರಗಳು ಎಲ್ಲ ಒಳಗೆ. ಪ್ರತಿ ಭಾನುವಾರ ನಾನು ಹೇಳುವ ವಿಜ್ಞಾನದ ಕಥೆ ಕೇಳಲು ಬಂದಿದ್ದ ಜನ ಹೊರಗೆ ಕಲ್ಲಿನ ಮೇಲೆ ಕೂತಿದ್ದರು. 1995ರ ಗ್ರಹಣದ ದಿನವೂ ಇದೇ ಕೋಣೆಗೆ ಬೀಗ ಬಿದ್ದಿತ್ತು. ಯಾಕೆಂದು ಆಗಲೇ ಕೇಳಿದ್ದೆ. ಉತ್ತರ ಇನ್ನೂ ಬಂದಿಲ್ಲ.

ಅದೇ ದಿನ, ಸಂಜೆ
ವಾಚನಾಲಯ ಸಮಿತಿಯ ಕಾರ್ಯದರ್ಶಿ ಲಕ್ಷ್ಮಿಕಾಂತರ ಅಂಗಡಿಗೆ ಹೋದೆ.
“ಬರ್ರಿ ಬಾಯಾರ, ಕುಂದ್ರಿ. ನೀವು ದವಾಖಾನಿ ನಡಸ್ಲಿಕತ್ತೀರಂತ ಅರ್ಜಿ ಬಂದದ.”
“ವಿದ್ಯುತ್ತಿನ ಇತಿಹಾಸ ಹೇಳ್ತೀನ್ರಿ ನಾನು. ಮೂವತ್ತು ವರ್ಷ ಸಾಲ್ಯಾಗ ವಿಜ್ಞಾನ ಕಲಿಸೀನಿ.”
“ಮಂದಿ ಮಣಕಾಲ ಹಿಡ್ಕೊಂಡು ಬರ್ತಾರಂತಲ್ರಿ, ಇತಿಹಾಸ ಕೇಳಾಕ?”
ನಕ್ಕರು. ಅಂಗಡಿಯಲ್ಲಿದ್ದವರೂ ನಕ್ಕರು.

ಫೆ. 11
ತಪ್ಪು ನನ್ನದೂ ಇದೆ. ಜನವರಿಯಲ್ಲಿ ಹೇಳಿದ ಕಥೆ — 1746, ಫ್ರಾನ್ಸಿನ ರಾಜನ ಮುಂದೆ ನೂರಾ ಎಂಬತ್ತು ಸಿಪಾಯಿಗಳು ಕೈ ಕೈ ಹಿಡಿದು ನಿಂತದ್ದು, ಜಾಡಿಯಲ್ಲಿ ತುಂಬಿದ್ದ ವಿದ್ಯುತ್ತಿಗೆ ಎಲ್ಲರೂ ಒಮ್ಮೆಲೇ ಹಾರಿದ್ದು. ಕೇಳಿದರೆ ಸಾಕೇ, ನೋಡಬೇಕಲ್ಲ. ಕಂಬಳಿಗೆ ಪ್ಲಾಸ್ಟಿಕ್ ಪೈಪು ಉಜ್ಜಿ ಜಾಡಿಗೆ ವಿದ್ಯುತ್ತು ತುಂಬಿಸಿದೆ. ಹದಿನಾಲ್ಕು ಜನ ಕೈ ಹಿಡಿದರು. ಚಟ್! ಭಂಕೂರದ ಚಾಂದಬೀ ಕಿರುಚಿ, ಆಮೇಲೆ ಹೊಟ್ಟೆ ಹಿಡಿದು ನಕ್ಕಳು. ಮುಂದಿನ ವಾರ ಬಂದು, “ಮಣಕಾಲ ಹಗುರಾಗ್ಯದ್ರಿ” ಎಂದಳು. ಆ ಕಾಲದ ಜನವೂ ಹೀಗೇ ಅಂದುಕೊಂಡು ವೈದ್ಯರ ಬಾಗಿಲಲ್ಲಿ ಸಾಲು ನಿಲ್ಲುತ್ತಿದ್ದರೆಂದು ಹೇಳಿದೆ. ಅದು ಅವರ ಭ್ರಮೆ ಎಂದು ಹೇಳುವಷ್ಟರಲ್ಲಿ ಎಲ್ಲರೂ ಎದ್ದು ಸಾಲು ನಿಂತಿದ್ದರು.

ಫೆ. 15
ಚಾಂದಬೀ ಮನೆಗೆ ಬಂದಳು. ಕೈಯಲ್ಲಿ ಮನವಿ, ನಲವತ್ತೊಂದು ಸಹಿ. ಬೇರೆಯವರ ಕೈಲಿ ಬರೆಸಿದ್ದು: “ಬಾಯಾರ ಕರೆಂಟಿನಿಂದ ನಮ್ಮ ಬ್ಯಾನಿ ಹೋಗ್ಯದ. ಕೋಣಿ ತೆರೀರಿ.”
ಇದನ್ನು ಸಮಿತಿಗೆ ಕೊಟ್ಟರೆ, ದವಾಖಾನೆ ಎಂದ ಅರ್ಜಿಯವರೇ ಗೆದ್ದಂತೆ.
“ಚಾಂದಬೀ, ಬ್ಯಾನಿ ಮಾತು ತಗದು ಬರಸವಾ.”
“ಹೋಗಿದ್ದು ಖರೇ ಅದರೀ.”
“ಕರೆಂಟಿನಿಂದ ಹೋಗಿಲ್ಲ.”
“ಮತ್ತ ಬ್ಯಾನಿ ಮಾತ ಇಲ್ಲಂದ್ರ ನಾವು ಯಾದಕ್ಕ ಸಹಿ ಮಾಡಬೇಕ್ರಿ?”
ಸಿಟ್ಟಿನಿಂದ ಹೋದಳು. ಕಾಗದ ಇಲ್ಲೇ ಇದೆ.

ಫೆ. 24
ಎಂಟು ದಿನ ಏನೂ ಬರೆಯಲಿಲ್ಲ. ಬಾಗಿಲು ತೆರೆದರೆ ಯಾರೋ ಮೊಣಕಾಲು ಚಾಚಿ ಕೂತಿರುತ್ತಾರೆ — “ಒಂದ್ ಸಲ ಹಚ್ಚಿಬಿಡ್ರಿ ಬಾಯಾರ.” ಜಾಡಿ ಬೀಗದೊಳಗಿದೆ ಎಂದರೂ ಕೇಳುವುದಿಲ್ಲ. ಬಾಗಿಲು ಹಾಕಿಕೊಂಡೇ ಇದ್ದೇನೆ.
ಇಂದು ಲಕ್ಷ್ಮಿಕಾಂತರು ಟೈಪ್ ಮಾಡಿದ ಕಾಗದ ಕಳಿಸಿದರು. ‘ಚಿಕಿತ್ಸೆ ಕೊಟ್ಟದ್ದು ನಿಜ, ಇನ್ನು ಕೊಡುವುದಿಲ್ಲ.’ ಸಹಿ ಹಾಕಿದರೆ ಕೋಣೆ ಸಿಗುತ್ತದೆ. ಆದರೆ ಸುಳ್ಳಿಗೆ ಸಹಿ ಹಾಕಿ ಒಳಗೆ ಹೋದವಳು ಅಲ್ಲಿ ನಿಂತು ಯಾವ ವಿಜ್ಞಾನ ಹೇಳಲಿ?

ಫೆ. 28, ಶುಕ್ರವಾರ. ಬೆಳಿಗ್ಗೆ
ವಿಜ್ಞಾನ ದಿನ. ಬೀಗ ಹಾಕಿದ ಸಮಿತಿಯೇ ಹನ್ನೊಂದಕ್ಕೆ ಸಭೆ ಕರೆದಿದೆ. ಚಾಂದಬೀ ಮತ್ತು ಅವಳ ಕಡೆಯವರೆಲ್ಲ ಬರುತ್ತಾರಂತೆ. ಎರಡು ಕಾಗದವನ್ನೂ ಒಯ್ಯುತ್ತೇನೆ, ಯಾವುದನ್ನೂ ಕೊಡುವುದಿಲ್ಲ. ಜಾಡಿಯಿಂದ ಯಾರ ಬೇನೆಯೂ ಹೋಗಿಲ್ಲ ಎಂದು ಮೊದಲು ಅವಳ ಮುಖ ನೋಡಿ ಹೇಳಬೇಕು. ನನ್ನ ಪರ ಇದ್ದ ನಲವತ್ತೊಂದು ಜನ ಅಲ್ಲಿಗೆ ಕೈಬಿಟ್ಟು ಹೋದಂತೆ. ಹೋಗಲಿ.
ಆಮೇಲೆ ಕೇಳುವುದು ಇಷ್ಟೇ: ಲಕ್ಷ್ಮಿಕಾಂತರೇ, ಬೀಗ ಹಾಕುವ ಮೊದಲು ನಿಮ್ಮ ಸಮಿತಿಯ ಒಬ್ಬರಾದರೂ ಒಂದು ಭಾನುವಾರ ಬಂದು ಕೂತು ಕೇಳಿದ್ದೀರಾ? ಇಲ್ಲೇ, ಇವರೆಲ್ಲರ ಎದುರಿಗೆ, ಮೈಕಿನಲ್ಲಿ ಹೇಳಿ, ಹೌದೋ ಇಲ್ಲವೋ?